ಕ್ಯಾಡಿಸ್ ನೊಣಕ್ಕೆ ಯಾವ ಗರಿ ಎಲ್ಲಿ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಮೀನು ಗಾಳಕ್ಕೆ ಮನೆಯ ನಾಟಿ ಕೋಳಿ ಗರಿಯಿಂದ ಕ್ಯಾಡಿಸ್ ನೊಣ, ಅಂದರೆ ಹೊಳೆಬದಿಯ ಕ್ಯಾಡಿಸ್ ಎಂಬ ಕೀಟವನ್ನು ಹೋಲುವ ಹುಸಿ ನೊಣ, ಕಟ್ಟಲು ಕಲಿಯುತ್ತಿದ್ದೇನೆ. ನೊಣದ ರೆಕ್ಕೆಗೂ ಕತ್ತಿನ ಸುತ್ತಿಗೂ ಹೇಂಟೆಯ ಗರಿಯನ್ನೇ ಹಾಕಿದ್ದೇನೆ. ಎರಡು ಸಲ ಎಸೆದರೆ ಸಾಕು, ನೆನೆದು ಮುಳುಗುತ್ತದೆ. ರೆಕ್ಕೆ ಸೀಳಿಹೋಗುತ್ತದೆ. ತೋಟದಲ್ಲಿ ಕಾಡುಕೋಳಿ ಗರಿ ಬಿದ್ದಿರುತ್ತವೆ. ಅದನ್ನು ಬಳಸಬಹುದಾ?

ಉತ್ತರ: ಕಾಡುಕೋಳಿ ಗರಿ ಬೇಡವೇ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ರಕ್ಷಣೆಯಲ್ಲಿರುವ ಹಕ್ಕಿ ಅದು. ಅದರ ಕತ್ತಿನ ಚುಕ್ಕೆ ಗರಿಗೆ ಇಂಗ್ಲೆಂಡಿನ ಸಾಲ್ಮನ್ ಮೀನಿನ ಗಾಳದವರು ಹಿಂದೆ ಮುಗಿಬೀಳುತ್ತಿದ್ದರು. ಬಿದ್ದ ಗರಿಯನ್ನೂ ಬಿದ್ದಲ್ಲೇ ಬಿಡಿ. ನಿಮಗೆ ಬೇಕಾದದ್ದೆಲ್ಲ ನಿಮ್ಮ ಕೋಳಿಗೂಡಿನಲ್ಲೇ ಇದೆ.

ತಪ್ಪಾಗಿರುವುದು ನೊಣದ ಕತ್ತಿನಲ್ಲಿ. ಹೇಂಟೆಯ ಗರಿ ಮೆತ್ತಗೆ, ನೀರು ಕುಡಿಯುತ್ತದೆ. ಅಲ್ಲಿಗೆ ಹುಂಜದ ಕತ್ತಿನ ಗರಿ ಬೇಕು. ಬೆರಳಲ್ಲಿ ಹಿಮ್ಮುಖವಾಗಿ ಸವರಿ ನೋಡಿ, ಎಳೆಗಳು ಸೆಟೆದು ನಿಲ್ಲುತ್ತವೆ ಅಲ್ವಾ? ಆ ಎಳೆಗಳ ತುದಿಯ ಮೇಲೆಯೇ ನೊಣ ನೀರಲ್ಲಿ ನಿಲ್ಲುವುದು. ಎಳೆಯ ಉದ್ದ ಕೊಕ್ಕೆಯ ಬಾಯಿಯ (ಕೊಕ್ಕೆಯ ಮೊನೆಗೂ ಕಡ್ಡಿಗೂ ನಡುವಿನ ಅಂತರದ) ಒಂದೂವರೆ ಪಟ್ಟು ಇರಲಿ. ಜಾಸ್ತಿ ಉದ್ದವಾದರೆ ನೊಣ ಮಗುಚುತ್ತದೆ.

ಹೇಂಟೆಯ ಗರಿ ರೆಕ್ಕೆಗೆ ಬಲು ಚೆನ್ನ, ಆದರೆ ಹಾಗೇ ಹಸಿಯಾಗಿ ಕಟ್ಟಬಾರದು. ಎದೆಯ ಕಂದು ಗರಿ ಒಂದನ್ನು ತೆಗೆದುಕೊಳ್ಳಿ. ಬುಡದ ತುಪ್ಪಳ ಕಿತ್ತುಹಾಕಿ. ಹೆಬ್ಬೆರಳು, ತೋರುಬೆರಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಿ, ಗರಿಯನ್ನು ಬುಡದಿಂದ ತುದಿಗೆ ಎಳೆಯಿರಿ. ಗರಿ ಕಿರಿದಾಗಿ, ಎಳೆಗಳು ಒಂದಕ್ಕೊಂದು ಅಂಟುತ್ತವೆ. ಪೂರ್ತಿ ಒಣಗಲಿ, ಇಲ್ಲಿ ಅವಸರ ಮಾಡಬೇಡಿ. ಆಮೇಲೆ ನಡುಕಡ್ಡಿಯ ಉದ್ದಕ್ಕೂ ಮಡಚಿ, ತುದಿಯನ್ನು ಓರೆಯಾಗಿ ಕತ್ತರಿಸಿ. ಬಿಡಿಸಿದಾಗ ತುದಿಯಲ್ಲಿ ಕವಲು ಮೂಡಿರುತ್ತದೆ. ಇನ್ನು ಇದು ಸೀಳುವುದಿಲ್ಲ.

ಹೊಳೆಬದಿಯ ಕಲ್ಲಿನ ಮೇಲೆ ಕೂತ ನಿಜವಾದ ಕ್ಯಾಡಿಸ್ ನೋಡಿ. ರೆಕ್ಕೆ ಹೆಂಚಿನ ಮಾಡಿನ ಹಾಗೆ ಎರಡೂ ಬದಿಗೆ ಇಳಿದಿರುತ್ತದೆ. ನಿಮ್ಮದೂ ಹಾಗೇ ಮೈಗೆ ಒತ್ತಿಕೊಂಡು ಕೂರಬೇಕು. ತುದಿ ಕೊಕ್ಕೆಯ ಬಾಗು ದಾಟಿ ಸ್ವಲ್ಪವೇ ಹೊರಗಿರಲಿ.

ಕಟ್ಟುವ ಕ್ರಮ ಸುಲಭ. 14ನೇ ನಂಬರಿನ ಕೊಕ್ಕೆಗೆ ದಾರ ಸುತ್ತಿ, ಸಾಕಿದ ಮೊಲದ ತುಪ್ಪಳದಿಂದ ತೆಳುವಾದ ಮೈ ಮಾಡಿ. ಮೇಲೆ ರೆಕ್ಕೆ, ಅದರ ಮುಂದೆ ಹುಂಜದ ಗರಿ ಐದಾರು ಸುತ್ತು. ಕೊಕ್ಕೆಯ ಕಣ್ಣಿನ ಹಿಂದೆ ಗಂಟಿಗೆ ಜಾಗ ಉಳಿಸಿ. ಹೊಸಬರು ಎಡವುವುದು ಅಲ್ಲೇ. ಕೊಕ್ಕೆಯ ಮೊನೆಯ ಬಳಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಮೀನನ್ನು ಹೆಚ್ಚು ಗಾಯವಿಲ್ಲದೆ ಹೊಳೆಗೆ ಬಿಡಬಹುದು.

ಬಾತುಕೋಳಿ ಸಾಕಿದ್ದರೆ, ಬಾಲದ ಬುಡದ ಎಣ್ಣೆಗ್ರಂಥಿಯ ಸುತ್ತ ಇರುವ ಪುಟ್ಟ ಗರಿ ಒಂದೆರಡನ್ನು ರೆಕ್ಕೆಯಡಿ ಸೇರಿಸಿ. ತೇಲುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದರ ಮೇಲೆ ನೊಣ ತೇಲಲೆಂದು ಹಚ್ಚುವ ಜೆಲ್ ಮಾತ್ರ ಹಚ್ಚಬೇಡಿ, ಎಳೆಗಳು ಮೆತ್ತಿಕೊಳ್ಳುತ್ತವೆ.

ಹೊಳೆಗೆ ಹೋಗುವ ಮುಂಚೆ ಒಂದು ಬಟ್ಟಲು ನೀರಿಗೆ ಒಂದಡಿ ಮೇಲಿಂದ ನೊಣವನ್ನು ಬಿಟ್ಟು ನೋಡಿ. ಹತ್ತು ಸಲದಲ್ಲಿ ಏಳೆಂಟು ಸಲ ನೆಟ್ಟಗೆ ಕೂತರೆ ಸರಿ. ಮಗುಚುತ್ತಿದ್ದರೆ ಕತ್ತಿನ ಎಳೆ ಉದ್ದವಾಗಿದೆ, ಇಲ್ಲವೇ ರೆಕ್ಕೆ ಎತ್ತರಕ್ಕೆ ನಿಂತಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಕಟ್ಟಿ.