ಮಲೆನಾಡಿನ ಪುಟ್ಟ ಮನೆಗೆ ಪೈನ್ ಕಾಡಿನ ಚಿತ್ರ ಯಾಕೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮಗೆ ಮೂರು ಎಕರೆ ಕಾಫಿ ತೋಟವಿದೆ. ಅಲ್ಲಿದ್ದ ಎರಡು ಕೋಣೆಯ ಹಳೇ ಹಂಚಿನ ಮನೆಯನ್ನು ರಿಪೇರಿ ಮಾಡಿಸಿದ್ದೇವೆ. ಶನಿವಾರ, ಭಾನುವಾರ ಹೋಗಿ ಇರುತ್ತೇವೆ. ಕಾಡಿನ ಕ್ಯಾಬಿನ್ ಥರ ಬೆಚ್ಚಗೆ ಕಾಣಲಿ ಅಂತ ಪೈನ್ ಕಾಡು, ಕರಡಿ, ಹಿಮದ ಬೆಟ್ಟ ಇರುವ ಕ್ಯಾನ್ವಾಸ್ ಚಿತ್ರಗಳನ್ನು ಆನ್‌ಲೈನಿನಲ್ಲಿ ತರಿಸಿ ಗೋಡೆ ತುಂಬ ಹಾಕಿದೆವು. ಆದರೆ ಯಾಕೋ ಲಾಡ್ಜಿನ ರೂಮಿನ ಹಾಗೆ ಕಾಣುತ್ತದೆ. ಈ ಮಳೆಗಾಲದಲ್ಲಿ ಎರಡು ಚಿತ್ರಕ್ಕೆ ಬೂಷ್ಟೂ ಹಿಡಿಯಿತು. ಏನು ಹಾಕಿದರೆ ಚೆನ್ನ?
– ಓದುಗರು, ಬೆಂಗಳೂರು

ಉತ್ತರ: ಬೂಷ್ಟಿನ ವಿಷಯ ಮೊದಲು ಮುಗಿಸೋಣ. ಅದು ಸರಿಹೋಗದೆ ಅಂದದ ಮಾತಾಡಿ ಪ್ರಯೋಜನವಿಲ್ಲ.

ಮಲೆನಾಡಿನಲ್ಲಿ ಗೋಡೆಯ ಯಜಮಾನ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ-ಮಳೆ ಪಡುವಣದ ಕಡೆಯಿಂದ ಬಂದು ಬಡಿಯುತ್ತದೆ. ಆ ಕಡೆಯ ಗೋಡೆ ನಾಲ್ಕು ತಿಂಗಳು ನೀರು ಕುಡಿದು ಕೂತಿರುತ್ತದೆ. ಹಿಂದೆ ಇದೇ ಮನೆಯಲ್ಲಿ ಸಂಸಾರ ಇದ್ದಾಗ ದಿನಾ ಒಲೆ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮರ, ಬುಟ್ಟಿ, ಗೋಡೆ ಎಲ್ಲ ಒಣಗಿರುತ್ತಿದ್ದವು. ಈಗ ನೀವು ಬೀಗ ಹಾಕಿ ಬೆಂಗಳೂರಿಗೆ ಬಂದರೆ ಐದು ದಿನ ಒಳಗೆ ಗಾಳಿಯೂ ಆಡುವುದಿಲ್ಲ, ಬಿಸಿಯೂ ಇಲ್ಲ. ಕ್ಯಾನ್ವಾಸ್ ಅಂದರೆ ಬಟ್ಟೆ ತಾನೇ? ಅದನ್ನು ಒದ್ದೆ ಗೋಡೆಗೆ ತಾಗಿಸಿ ತೂಗುಹಾಕಿದರೆ ಬೂಷ್ಟು ಬರದೆ ಇನ್ನೇನು ಬರುತ್ತದೆ?

ಹಾಗಾಗಿ ಪಡುವಣದ ಗೋಡೆಯನ್ನು ಖಾಲಿ ಬಿಡಿ. ತೀರಾ ಬೋಳು ಅನಿಸಿದರೆ ಒಂದು ಗೂಟ ಹೊಡೆದು ಟೋಪಿ, ಛತ್ರಿ ನೇತುಹಾಕಿ. ಚಿತ್ರಗಳೆಲ್ಲ ಒಳಗೋಡೆಗೆ, ಅಂದರೆ ಎರಡು ಕೋಣೆಯ ನಡುವಿನ ಗೋಡೆಗೆ ಬರಲಿ. ಪ್ರತಿ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಕಾರ್ಕ್ ಕತ್ತರಿಸಿ ಅಂಟಿಸಿ. ಅರ್ಧ ಇಂಚು ಸಂದಿ ಇದ್ದರೆ ಹಿಂದೆ ಗಾಳಿ ಆಡುತ್ತದೆ. ಇಷ್ಟು ಸಣ್ಣ ಕೆಲಸವನ್ನು ಯಾಕೆ ಯಾರೂ ಮಾಡುವುದಿಲ್ಲವೋ ನನಗೆ ಗೊತ್ತಿಲ್ಲ.

ಗೋಡೆಗೆ ಏನು ಬಳಿಸಿದ್ದೀರಿ ಅಂತ ನೀವು ಬರೆದಿಲ್ಲ. ಹಳೇ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದಿದ್ದರೆ ಒಳಗಿನ ಪಸೆ ಹೊರಗೆ ಬರಲಾಗದೆ ಬಣ್ಣ ಗುಳ್ಳೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ. ಸುಣ್ಣ ಪಸೆಯನ್ನು ಹಿಡಿದಿಡುವುದಿಲ್ಲ, ಬೂಷ್ಟೂ ಅದರ ಮೇಲೆ ಬೇಗ ಬೆಳೆಯುವುದಿಲ್ಲ. ಆದರೆ ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಮೊದಲು ಬಣ್ಣ ಕೆರೆಸಬೇಕು.

ಇನ್ನು ಅಂದದ ಮಾತು. ಪೈನ್, ಕರಡಿ, ಹಿಮ ಇವೆಲ್ಲ ಅಮೆರಿಕ, ಕೆನಡಾ ಕಡೆಯ ಕ್ಯಾಬಿನ್ನಿನ ಅಲಂಕಾರ. ಅಲ್ಲಿ ಕಿಟಕಿಯ ಆಚೆಗೂ ಅದೇ ಇರುತ್ತದೆ, ಅದಕ್ಕೇ ಒಪ್ಪುತ್ತದೆ. ನಿಮ್ಮ ಕಿಟಕಿಯ ಆಚೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದೆ. (ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದಿಂದ ಬಂದದ್ದೇ ಅನ್ನಿ. ಆದರೆ ಬಂದು ಬಹಳ ಕಾಲವಾಯಿತು, ಈಗ ಅದು ತೋಟದ ಮನೆಮಂದಿ.) ಒಳಗೆ ಕೂತವರ ಕಣ್ಣು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತದೆ. ಎರಡೂ ಕಡೆ ಬೇರೆ ಬೇರೆ ದೇಶ ಕಂಡರೆ ಲಾಡ್ಜ್ ಅನಿಸದೆ ಇರುತ್ತದಾ?

ಕ್ಯಾಮೆರಾ ಹಿಡಿದು ನಿಮ್ಮ ತೋಟಕ್ಕೇ ಇಳಿಯಿರಿ. ಬೇಸಗೆಯ ಮೊದಲ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಒಟ್ಟಿಗೆ ಬೆಳ್ಳಗಾಗುತ್ತವೆ. ಮೂರು-ನಾಲ್ಕು ದಿನದ ಸಂಭ್ರಮ ಅದು. ಆಗ ಬೆಳಗಿನ ಮಂಜಿನಲ್ಲಿ ಒಂದು ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಕ್ಯಾನ್ವಾಸ್ ಬೇಡ. ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್) ಶೀಟಿನ ಮೇಲೆ ನೇರವಾಗಿ ಪ್ರಿಂಟ್ ಮಾಡಿಕೊಡುತ್ತಾರೆ. ಮೇಲಿನ ಪದರ ಅಲ್ಯೂಮಿನಿಯಂ ಆದ್ದರಿಂದ ಮಳೆಗಾಲದಲ್ಲಿ ಒರೆಸಿದರೆ ಆಯಿತು. ಮ್ಯಾಟ್ ಫಿನಿಶ್ ಕೇಳಿ, ಹೊಳಪು ಬೇಡ.

ನನ್ನನ್ನು ಕೇಳಿದರೆ ಮುಖ್ಯ ಗೋಡೆಗೆ ಹಸೆ ಚಿತ್ತಾರ. ಸಾಗರ, ಸೊರಬ, ಸಿರ್ಸಿ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಕೆಲಸ ಇದು. ಮದುವೆ ಮನೆಯಲ್ಲಿ ಹಸೆಗೋಡೆಗೆ, ಅಂದರೆ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ನೆಲೆ. ಅದರ ಮೇಲೆ ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಗೆರೆಗಳು ಎಷ್ಟು ನೇರವಾಗಿರುತ್ತವೆ ಅಂದರೆ ಸ್ಕೇಲ್ ಇಟ್ಟರಾ ಅಂತ ಅನುಮಾನ ಬರುತ್ತದೆ. ಪ್ರಕೃತಿ ಅಂದ ಕೂಡಲೇ ನಾವು ಎಲೆ, ಹೂವು, ಹಕ್ಕಿಯ ಚಿತ್ರ ಹುಡುಕುತ್ತೇವೆ. ಇಲ್ಲಿ ಬಣ್ಣವೇ ಮಣ್ಣು, ಬಣ್ಣವೇ ಭತ್ತ.

ಈಗ ಬಟ್ಟೆ, ಹಲಗೆ, ಕಾಗದದ ಮೇಲೂ ಬರೆದುಕೊಡುವ ಕಲಾವಿದೆಯರಿದ್ದಾರೆ. ಹಲಗೆಯ ಮೇಲೆ ಬರೆಸಿ. ಗೋಡೆಗೇ ಬರೆಸುವ ಆಸೆ ಇದ್ದರೆ ಒಳಗೋಡೆಗೆ ಮಾತ್ರ, ಅದೂ ಮಳೆ ನಿಂತು ಗೋಡೆ ಒಣಗಿದ ಮೇಲೆ. ಅಕ್ಕಿ ಹಿಟ್ಟು ಅಂದರೆ ಜಿರಳೆಗೆ ಊಟ, ಅದು ನೆನಪಿರಲಿ. ಊರಿನವರು ಮತ್ತೆ ಮತ್ತೆ ಬಳಿದು ಹೊಸದಾಗಿ ಬರೆಯುತ್ತಾರೆ. ನೀವೂ ಅದಕ್ಕೆ ಸಿದ್ಧರಿರಬೇಕು. ಇಂಟರ್ನೆಟ್ಟಿನಿಂದ ಚಿತ್ರ ಇಳಿಸಿ ಸ್ಟಿಕ್ಕರ್ ಮಾಡಿಸಬೇಡಿ. ಬರೆಯುವವರಿಗೂ ಅದರಿಂದ ನಷ್ಟ, ನಿಮ್ಮ ಗೋಡೆಗೂ.

ಅದೇ ಕಡೆಯ ಭೂಮಣ್ಣಿ ಬುಟ್ಟಿಯನ್ನೂ ಕೇಳಿ ನೋಡಿ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಅದು. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿ ಮೇಲೆ ಚಿತ್ತಾರ ಬರೆದಿರುತ್ತಾರೆ. ಗೋಡೆಯ ಮೇಲೆ ಅಂಥದ್ದೊಂದು ಇದ್ದರೆ ಪಕ್ಕದಲ್ಲಿ ಬೇರೇನೂ ಬೇಕಾಗುವುದಿಲ್ಲ.

ರಿಪೇರಿ ಮಾಡಿಸುವಾಗ ಇಳಿಸಿದ ಹಳೇ ಹಂಚು ಇನ್ನೂ ಹಿತ್ತಲಲ್ಲಿ ಬಿದ್ದಿರಬಹುದು. ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವರ ಹಂಚಿನ ಮೇಲೆ ಆ ಇಸವಿಯೂ ಇರುತ್ತದೆ. ಅಂಥ ಎರಡು-ಮೂರು ಹಂಚನ್ನು ತೊಳೆದು, ಕಬ್ಬಿಣದ ಕೊಕ್ಕೆ ಮಾಡಿಸಿ, ಅಕ್ಷರ ಕಾಣುವ ಹಾಗೆ ಗೋಡೆಗೆ ನಿಲ್ಲಿಸಿ. ಹಣ ಕೊಟ್ಟು ತರುವ 'ಹೋಮ್ ಸ್ವೀಟ್ ಹೋಮ್' ಹಲಗೆಗಿಂತ ಸಾವಿರ ಪಾಲು ಮೇಲು.

ಎರಡು ಕೋಣೆಗೆ ಮೂರು ವಸ್ತು ಸಾಕು. ಚಿತ್ರದ ನಡುಭಾಗ ನೆಲದಿಂದ ಐದಡಿಗೆ ಬರಲಿ. ಬೆಂಚು, ದಿವಾನದ ಮೇಲೆ ಹಾಕುವುದಾದರೆ ಇನ್ನೂ ಸ್ವಲ್ಪ ಕೆಳಗೆ. ಹಂಚಿನ ಮನೆಯ ಗೋಡೆ ಗಿಡ್ಡ, ಜನವೂ ಅಲ್ಲಿ ಕೂತಿರುವುದೇ ಜಾಸ್ತಿ. ಬೆಚ್ಚಗೆ ಬೇಕು ಅಂದಿದ್ದೀರಲ್ಲ, ಅದಕ್ಕೆ ಕರಿ ಕಂಬಳಿ, ಕೌದಿ ಇವೆ. ಆದರೆ ಅವು ಹಾಸಿಗೆಯ ಮೇಲಿರಲಿ. ಗೋಡೆಗೆ ತೂಗಿದ ಕಂಬಳಿ ಜುಲೈನಲ್ಲಿ ಯಾವ ವಾಸನೆ ಹೊಡೆಯುತ್ತದೆ ಅಂತ ನಾನು ಅನುಭವಿಸಿದ್ದೇನೆ.

ಪ್ರಶ್ನೆ: ನಮ್ಮದು ಕೊಡಗು. ತೋಟದ ಮನೆಯ ಅಟ್ಟದಲ್ಲಿ ತಾತನ ಕಾಲದ ಜಿಂಕೆ ಕೊಂಬು, ಕಾಡೆಮ್ಮೆ ತಲೆ ಸಿಕ್ಕಿವೆ. ಪಾಲಿಶ್ ಮಾಡಿಸಿ ಹಾಲ್‌ನಲ್ಲಿ ಹಾಕಬಹುದಾ?
– ಓದುಗರು, ಮಡಿಕೇರಿ

ಉತ್ತರ: ಪಾಲಿಶ್ ಮಾಡುವವನನ್ನು ಕರೆಯುವ ಮೊದಲು ಕಾಗದ ಹುಡುಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ವಸ್ತು ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ತಾತನಿಂದ ಬಂದದ್ದು ಅನ್ನುವುದೊಂದೇ ಸಾಲದು. ಪಿತ್ರಾರ್ಜಿತವಾಗಿ ಬಂದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ವಾರ್ಡನ್‌ಗೆ ತಿಳಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಪತ್ರ ಇದ್ದರೂ ಮಾರುವ ಹಾಗಿಲ್ಲ. ಪತ್ರ ಇಲ್ಲದಿದ್ದರೆ ಗೋಡೆಗೆ ಹಾಕುವ ಮಾತು ಬಿಡಿ. ವಕೀಲರೊಬ್ಬರನ್ನು ಕೇಳಿ ಅರಣ್ಯ ಇಲಾಖೆಯ ಹತ್ತಿರ ಹೋಗಿ. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಎಷ್ಟು ಗಲಾಟೆ ಎಬ್ಬಿಸಿತು ಅಂತ ನಿಮಗೂ ಗೊತ್ತಲ್ವಾ? ಕಾಡಲ್ಲಿ ತಾನಾಗಿ ಉದುರಿದ ಕೊಂಬನ್ನು ಹೆಕ್ಕಿ ತರುವುದೂ ತಪ್ಪೇ.

ಕೊಂಬಿನ ಜಾಗಕ್ಕೆ ನಿಮ್ಮ ತೋಟದಲ್ಲೇ ಒಳ್ಳೆಯ ವಸ್ತು ಇದೆ: ಕಿತ್ತ ಕಾಫಿ ಗಿಡದ ಬುಡ. ಕಾಫಿ ಮರ ಗಟ್ಟಿ, ನುಣುಪು ಬರುತ್ತದೆ. ಕವಲುಗಳು ತಾವಾಗಿಯೇ ಕೊಂಬಿನ ಆಕಾರದಲ್ಲಿರುತ್ತವೆ. ಬುಡದ ಮೇಲೆ ಗಾಜಿಟ್ಟು ಟೀಪಾಯಿ ಮಾಡುವುದು ನಿಮ್ಮ ಕಡೆ ಹೊಸತಲ್ಲ. ಅದೇ ಮರದ ಕವಲನ್ನು ಗೋಡೆಗೆ ಕೂರಿಸಿದರೆ ಕೋಟು, ಚೀಲ ನೇತುಹಾಕಲು ಆಗುತ್ತದೆ.

ಗಿಡ ಅರೇಬಿಕಾ ಜಾತಿಯ ಕಾಫಿ ಆದರೆ ಒಂದು ಎಚ್ಚರ. ಬಿಳಿ ಕಾಂಡ ಕೊರಕ (ಕಾಫಿ ಕಾಂಡ ಕೊರೆಯುವ ಹುಳು) ಹೊಕ್ಕ ಕಾಂಡವನ್ನು ಹಾಗೇ ತಂದು ಒಳಗೆ ಇಡಬೇಡಿ. ಒಳಗಿನ ಹುಳು ದುಂಬಿಯಾಗಿ ಹೊರಬಂದು ತೋಟಕ್ಕೇ ಹಾರುತ್ತದೆ. ಕಾಂಡವನ್ನು ಹತ್ತು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ. ಆಮೇಲೆ ತೊಗಟೆ ತೆಗೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ತಮಾಷೆ ಏನೆಂದರೆ, ಬೆಳೆಗಾರನ ಹೊಟ್ಟೆ ಉರಿಸಿದ ಆ ಹುಳು ಕೊರೆದ ದಾರಿಗಳು ಎಣ್ಣೆ ಹಚ್ಚಿದ ಮೇಲೆ ಯಾವ ಕೆತ್ತನೆಗೂ ಕಡಿಮೆ ಇಲ್ಲದ ಹಾಗೆ ಕಾಣುತ್ತವೆ. ನಾನಾದರೆ ಅದನ್ನು ಮುಚ್ಚದೆ ಹಾಗೇ ಬಿಡುತ್ತೇನೆ.

ಪ್ರಶ್ನೆ: ಮಕ್ಕಳ ಕೈಯಲ್ಲೇ ಗೋಡೆಗೆ ಏನಾದರೂ ಮಾಡಿಸುವ ಆಸೆ. ಖರ್ಚು ಜಾಸ್ತಿ ಆಗಬಾರದು.
– ಓದುಗರು, ಯಲ್ಲಾಪುರ

ಉತ್ತರ: ಜರೀಗಿಡ ಇರುವ ಊರಲ್ಲಿ ಖರ್ಚಿನ ಮಾತೇ ಇಲ್ಲ. ಎಲೆಯ ಹಿಂಬದಿಗೆ ಬಿಳಿ ಪುಡಿ ಇರುವ ಜರೀಗಿಡ ನಿಮಗೆ ಗೊತ್ತಿರುತ್ತದೆ. ಚಿಕ್ಕವರಿದ್ದಾಗ ಅಂಗೈ ಮೇಲಿಟ್ಟು ಪಟ್ ಅಂತ ಹೊಡೆದು ಅಚ್ಚು ಒತ್ತಿಕೊಳ್ಳುತ್ತಿದ್ದೆವಲ್ಲ, ಅದೇ. ಅಂಗೈ ಬದಲು ದಪ್ಪ ಕಪ್ಪು ಕಾಗದದ ಮೇಲೆ ಒತ್ತಿಸಿ. ಒಂದೊಂದು ಎಳೆಯೂ ಮೂಡುತ್ತದೆ. ಕೈ ತಾಗಿದರೆ ಅಳಿಸುತ್ತದೆ, ಹಾಗಾಗಿ ದೂರದಿಂದ ತೆಳ್ಳಗೆ ಹೇರ್ ಸ್ಪ್ರೇ ಹೊಡೆಯಿರಿ. ಗಾಜು ಅಚ್ಚಿಗೆ ತಾಗದ ಹಾಗೆ ಸುತ್ತ ಮೌಂಟ್ (ದಪ್ಪ ರಟ್ಟಿನ ಅಂಚು) ಇಟ್ಟು ಫ್ರೇಮ್ ಹಾಕಿಸಿ.

ಬೇರೆ ಎಲೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಮೊದಲ ವಾರ ದಿನಾ ಪೇಪರ್ ಬದಲಿಸಿ. ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಮೂರು ವಾರ ಬೇಕು. ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮಾಡಿ, ಮಳೆಗಾಲದಲ್ಲಿ ಸುಮ್ನೆ ಕೈ ಹಾಕಬೇಡಿ. ಎಲೆ ಹಿತ್ತಲದ್ದೋ ತೋಟದ್ದೋ ಆಗಿರಲಿ. ಕಾಡಿನ ಮರದಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು) ಕಿತ್ತು ತರುವ ಚಾಳಿ ಮಕ್ಕಳಿಗೆ ಬೇಡ.

ಪ್ರಶ್ನೆ: ಮನೆ ಒಳಗೆ ಹಗಲಲ್ಲೂ ಕತ್ತಲೆ. ಚಿತ್ರ ಹಾಕಿದರೂ ಕಾಣಲ್ಲ.
– ಓದುಗರು, ಶೃಂಗೇರಿ

ಉತ್ತರ: ಚಿತ್ರ ಇರುವ ಗೋಡೆಯಿಂದ ಎರಡಡಿ ಈಚೆಗೆ ಮಾಡಿನಲ್ಲಿ ಎರಡು ಹಂಚು ತೆಗೆಸಿ ಗಾಜಿನ ಹಂಚು ಹಾಕಿಸಿ. ಬೆಳಕು ಗೋಡೆಯ ಮೇಲೆ ಜಾರಿ ಬೀಳುತ್ತದೆ. ರಾತ್ರಿಗೆ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಇರಲಿ, ಡಬ್ಬಿಯ ಮೇಲೆ 2700ಕೆ ಅಂತ ಬರೆದಿರುವುದು. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಕೆಮ್ಮಣ್ಣಿನ ಬಣ್ಣ ಸತ್ತ ಹಾಗೆ ಕಾಣುತ್ತದೆ. ಗಾಜಿನ ಹಂಚಿನ ಮೇಲೆ ಪಾಚಿ ಕಟ್ಟುತ್ತದೆ, ವರ್ಷಕ್ಕೊಮ್ಮೆ ಮಾಡು ಕೈಯಾಡಿಸಲು ಬರುವವರಿಗೆ ಅದನ್ನೂ ಒರೆಸಲು ಹೇಳಿ.