ದುರಂತ ಪಾತ್ರ ಹುಡುಕಲು ಗ್ರೀಸ್‌ಗೇ ಹೋಗಬೇಕಾ? ಮುಧೋಳ, ಬೈಲಹೊಂಗಲ ಸಾಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಳಗಾವಿಯಲ್ಲಿ ಬಿಎ ಓದುತ್ತಿದ್ದೀರಿ. ನಾಟಕದ ದುರಂತ ಪಾತ್ರಗಳ ಬಗ್ಗೆ ಪ್ರಬಂಧ ಬರೆಯಬೇಕು. ಅರಿಸ್ಟಾಟಲ್ ಹೇಳಿದ ಲಕ್ಷಣಗಳ ಪಟ್ಟಿ ಕೈಯಲ್ಲಿದೆ, ಆದರೆ ಕನ್ನಡದ ಯಾವ ಪಾತ್ರಕ್ಕೂ ಅದು ಸರಿಯಾಗಿ ಕೂಡುತ್ತಿಲ್ಲ. ಸಾಲದ್ದಕ್ಕೆ ಯಾರೋ "ನಮ್ಮಲ್ಲಿ ದುರಂತ ನಾಟಕವೇ ಇಲ್ಲ" ಅಂದುಬಿಟ್ಟಿದ್ದಾರೆ. ಈಗ ಯಾರ ಮೇಲೆ ಬರೆಯಲಿ, ಹೇಗೆ ಬರೆಯಲಿ ಅಂತ ಕೇಳಿದ್ದೀರಿ.

ನಾನು ಪ್ರೊಫೆಸರ್ ಅಲ್ಲ. ಮುಧೋಳದ ಕಡೆಯವನು. ಜಾತ್ರೆ ನಾಟಕಗಳಲ್ಲಿ ಬಣ್ಣ ಹಚ್ಚಿದವನು, ಜೊತೆಗೆ ಓದುವ ಚಟ. ನನ್ನ ಸಲಹೆ ಇಷ್ಟೆ: ನಾಟಕದಲ್ಲಿ ಯಾರು ಸತ್ತರು ಅಂತ ನೋಡಬೇಡಿ. ಯಾರಿಗೆ ತಿರುಗಿ ಬರುವ ದಾರಿ ಇತ್ತು, ಅದು ಅವನಿಗೂ ಗೊತ್ತಿತ್ತು, ಆದರೂ ಬರಲಿಲ್ಲ? ಅವನನ್ನು ಹಿಡಿಯಿರಿ. ಆ ದಾರಿ ಯಾವ ಮಾತಿನಲ್ಲಿ, ಯಾವ ಸೀನಿನಲ್ಲಿ ಮುಚ್ಚಿತು ಅಂತ ತೋರಿಸಿದರೆ ನಿಮ್ಮ ಪ್ರಬಂಧದ ಮುಖ್ಯ ಕೆಲಸ ಆದಂತೆ.

ಮೊದಲು ಆ ಪಟ್ಟಿಯ ವಿಷಯ. 'ಈಡಿಪಸ್' ಬರೆದ ಗ್ರೀಕ್ ನಾಟಕಕಾರ ಸೊಫೋಕ್ಲಿಸ್ ತೀರಿಕೊಂಡದ್ದು ಕ್ರಿ.ಪೂ. 406ರ ಸುಮಾರಿಗೆ. ಅರಿಸ್ಟಾಟಲ್ ಹುಟ್ಟಿದ್ದೇ ಕ್ರಿ.ಪೂ. 384ರಲ್ಲಿ. ಅಂದರೆ ನಾಟಕ ಮೊದಲು ಬಂತು, ಪಟ್ಟಿ ಆಮೇಲೆ. ಪಟ್ಟಿ ನೋಡಿಕೊಂಡು ಯಾರೂ ಈಡಿಪಸ್‌ನನ್ನು ಬರೆಯಲಿಲ್ಲ. ತೀರಾ ಒಳ್ಳೆಯವನೂ ಅಲ್ಲದ, ತೀರಾ ಕೆಟ್ಟವನೂ ಅಲ್ಲದ ದೊಡ್ಡ ಮನುಷ್ಯ ತನ್ನದೇ ಒಂದು ತಪ್ಪು ನಡೆಯಿಂದ ಬೀಳುತ್ತಾನೆ ಅನ್ನುವುದು ಆತ ನೋಡಿ ಹೇಳಿದ ಮಾತು. ಅದನ್ನು ಬಳಸಿ, ಆದರೆ ಅದಕ್ಕೆ ಹೆದರಬೇಡಿ.

"ನಮ್ಮಲ್ಲಿ ಇಲ್ಲ" ಅನ್ನುವುದು ಅರ್ಧ ನಿಜ. ಸಾವು, ಯುದ್ಧ ಇಂಥವನ್ನು ರಂಗದ ಮೇಲೆ ನೇರವಾಗಿ ತೋರಿಸಬಾರದು ಅಂತ ನಾಟ್ಯಶಾಸ್ತ್ರ ಹೇಳುತ್ತದೆ. ಸಂಸ್ಕೃತ ನಾಟಕಗಳು ಹೆಚ್ಚಾಗಿ ಸುಖದಲ್ಲೇ ಮುಗಿಯುತ್ತವೆ. ಆದರೆ ಭಾಸನದು ಅಂತ ಹೇಳುವ 'ಊರುಭಂಗ'ದಲ್ಲಿ ದುರ್ಯೋಧನ ತೊಡೆ ಮುರಿದುಕೊಂಡು ರಂಗದ ಮೇಲೆಯೇ ಸಾಯುತ್ತಾನಲ್ಲ! ಇನ್ನು ಕನ್ನಡಕ್ಕೆ ಬಂದರೆ ಆ ಮಾತು ಇನ್ನೂ ಸಡಿಲ.

ರನ್ನನನ್ನೇ ನೋಡಿ. 949ರಲ್ಲಿ ನಮ್ಮ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ 'ಗದಾಯುದ್ಧ' ನಾಟಕವಲ್ಲ, ಕಾವ್ಯ. ಆದರೆ ಅದರ ಮೈಕಟ್ಟು ನಾಟಕದ್ದು. ಕಥೆ ಶುರುವಾಗುವುದೇ ಯುದ್ಧ ಮುಗಿಯುವ ಹೊತ್ತಿಗೆ. ಹಿಂದೆ ಆದದ್ದೆಲ್ಲ ಮಾತಿನಲ್ಲಿ, ನೆನಪಿನಲ್ಲಿ ಹೊರಗೆ ಬರುತ್ತದೆ. 'ಈಡಿಪಸ್' ನಾಟಕವೂ ಹೀಗೇ ಕೊನೆಯ ದಿನದಿಂದಲೇ ಶುರುವಾಗುತ್ತದೆ. ಇದು ಬಿ.ಎಂ. ಶ್ರೀಕಂಠಯ್ಯನವರ ಕಣ್ಣಿಗೆ ಬಿತ್ತು. ರನ್ನನ ಪದ್ಯಗಳನ್ನೇ ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. ಆಮೇಲೆ ಸೊಫೋಕ್ಲಿಸ್‌ನ 'ಏಜಾಕ್ಸ್' ಇಟ್ಟುಕೊಂಡು 'ಅಶ್ವತ್ಥಾಮನ್' ಬರೆದರು.

ರನ್ನನಿಗೆ ಕಥಾನಾಯಕ ಭೀಮ. ಅದರಲ್ಲಿ ಅನುಮಾನವಿಲ್ಲ, ಆಶ್ರಯ ಕೊಟ್ಟ ಸತ್ಯಾಶ್ರಯನನ್ನು ಭೀಮನ ಜೊತೆ ಸೇರಿಸಿಯೇ ಬರೆದಿದ್ದಾನೆ. ಆದರೆ ಓದುಗರ ಕಣ್ಣಲ್ಲಿ ನೀರು ಬರುವುದು ದುರ್ಯೋಧನನಿಗೆ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾ ದುಶ್ಶಾಸನನ ಹೆಣದ ಮುಂದೆ ನಿಲ್ಲುತ್ತಾನೆ. ಅಲ್ಲಿ ಅವನ ಮಾತು: ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟವನ್ನೂ ಮೊದಲು ನಾನು ಉಂಡೆ, ಆಮೇಲೆ ನೀನು. ಚಿಕ್ಕಂದಿನಿಂದ ಒಮ್ಮೆಯೂ ಆ ಮರ್ಯಾದೆ ಮೀರಿದವನಲ್ಲ, ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲ! ಸಭೆಯಲ್ಲಿ ದ್ರೌಪದಿಯ ಸೀರೆ ಎಳೆದ ಆ ದುಶ್ಶಾಸನನೇ ಇವನು. ಆ ಪದ್ಯ ಓದುವಾಗ ಅದು ಮರೆತೇ ಹೋಗುತ್ತದೆ.

ಈಗ ತಿರುಗಿ ಬರುವ ದಾರಿ ನೋಡಿ. ಸಂಧಿ ಮಾಡಿಕೋ ಅಂತ ಹಿರಿಯರು ಹೇಳುತ್ತಾರೆ. ಅದಕ್ಕೆ ಅವನ ಉತ್ತರ: "ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ". ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಹಾಳುನೆಲ, ಇದರ ಜೊತೆ ಮತ್ತೆ ಬಾಳುವೆನೇ ಅನ್ನುತ್ತಾನೆ. ಒಂದು ದಾರಿ ಅಲ್ಲಿಗೆ ಮುಚ್ಚಿತು. ಇನ್ನೊಂದು ವೈಶಂಪಾಯನ ಸರೋವರ. ಸುಮ್ನೆ ನೀರಿನೊಳಗೆ ಕುಳಿತು ಆ ದಿನ ಕಳೆದಿದ್ದರೆ ಉಳಿದುಕೊಳ್ಳುತ್ತಿದ್ದ. ದಡದಲ್ಲಿ ನಿಂತು ಭೀಮ ಹಂಗಿಸುತ್ತಾನೆ. "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ನೀರಿನೊಳಗಿದ್ದೂ ಬೆವರಿದ! ಎದ್ದು ಬಂದುಬಿಟ್ಟ. ಅರಿಸ್ಟಾಟಲ್‌ನ ಪಟ್ಟಿ ಇಟ್ಟುಕೊಂಡೇ ಇದನ್ನು ಬರೆಯಬಹುದು, ಇಲ್ಲದೆಯೂ ಬರೆಯಬಹುದು.

ಇದೇ ಅಳತೆಗೆ ಶಕುನಿ ಸಿಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಕಂದಗಲ್ಲಿನ ಹನುಮಂತರಾಯರು ಬರೆದ 'ರಕ್ತರಾತ್ರಿ'ಯನ್ನು ಹಳ್ಳಿಗಳಲ್ಲಿ ಇವತ್ತಿಗೂ ಆಡುತ್ತಾರೆ. (ವಿಜಯಪುರದ ರಂಗಮಂದಿರಕ್ಕೆ ಇವರದೇ ಹೆಸರು.) ತಾಲೀಮು ಶುರುವಾಗುವ ಮೊದಲೇ ಶಕುನಿ ಪಾರ್ಟಿಗೆ ಜಗಳ ಬೀಳುವುದನ್ನು ನಾನು ಕಂಡಿದ್ದೇನೆ. ಸಿಳ್ಳೆಯೂ ಅವನಿಗೇ ಜಾಸ್ತಿ. ಆದರೆ ಅವನು ದುರಂತ ಪಾತ್ರವಲ್ಲ. ತಿರುಗಿ ಬರುವ ಯೋಚನೆಯೇ ಅವನಿಗಿಲ್ಲವಲ್ಲ. ಖಳನಿಗೂ ದುರಂತ ನಾಯಕನಿಗೂ ಇರುವ ಗೆರೆ ಇದೇ ಅಂತ ನನ್ನ ಲೆಕ್ಕ.

ರಾಜರ ಕಥೆಯೇ ಬೇಕು ಅಂದರೆ ಗಿರೀಶ್ ಕಾರ್ನಾಡರ 'ರಾಕ್ಷಸ ತಂಗಡಿ' ಇದೆ. 1565ರ ಯುದ್ಧ, ಅಳಿಯ ರಾಮರಾಯ. ಒಳ್ಳೆಯ ವಸ್ತು, ಆದರೆ ಅದರ ಮೇಲೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ನಿಮಗೆ ನಾನು ಹೇಳುವುದು 'ಸಂಗ್ಯಾ ಬಾಳ್ಯಾ'. ಬೈಲಹೊಂಗಲದಲ್ಲಿ 19ನೆಯ ಶತಮಾನದಲ್ಲಿ ನಡೆದ ಒಂದು ಕೊಲೆಯಿಂದ ಹುಟ್ಟಿದ ಸಣ್ಣಾಟ, ಅಂದರೆ ನಮ್ಮ ಉತ್ತರ ಕರ್ನಾಟಕದ ಹಾಡು-ಮಾತಿನ ಜನಪದ ನಾಟಕ. ನಿಮಗೆ ಬಸ್ಸಿನ ದಾರಿ. ಸಂಗ್ಯಾ ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ. ವಿಷಯ ಬಯಲಾಗುತ್ತದೆ. ಈರಣ್ಣ ಮತ್ತು ಅವನ ತಮ್ಮಂದಿರು ಸೇಡಿಗೆ ನಿಲ್ಲುತ್ತಾರೆ. ಕೊನೆಗೆ ಜೀವದ ಗೆಳೆಯ ಬಾಳ್ಯಾನೇ ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ದೊಡ್ಡಾಟದಲ್ಲಿ ದೇವರು, ರಾಜರು ಕುಣಿಯುತ್ತಿದ್ದ ಕಾಲಕ್ಕೆ ಇಲ್ಲಿ ಊರಿನ ಸಾಮಾನ್ಯ ಜನ ರಂಗಕ್ಕೆ ಬಂದರು. ಅದೇ ಶತಮಾನದಲ್ಲಿ ಜರ್ಮನಿಯ ಬ್ಯೂಕ್ನರ್ ಒಂದು ನಿಜವಾದ ಕೊಲೆ ಪ್ರಕರಣ ಹಿಡಿದು, ಬಡ ಸಿಪಾಯಿಯೊಬ್ಬನನ್ನು ನಡುವೆ ನಿಲ್ಲಿಸಿ 'ವೊಯ್ಸೆಕ್' ಬರೆಯುತ್ತಿದ್ದ. ಮುಗಿಸುವ ಮೊದಲೇ 1837ರಲ್ಲಿ ತೀರಿಕೊಂಡ. ಆ ನಾಟಕ ರಂಗಕ್ಕೆ ಬಂದದ್ದು 1913ರಲ್ಲಿ. ಬೈಲಹೊಂಗಲದವರಿಗೆ ಬ್ಯೂಕ್ನರ್‌ನ ಗಾಳಿ ಸೋಕಿರಲಿಕ್ಕಿಲ್ಲ. ಆದರೂ ದೊಡ್ಡ ಮನುಷ್ಯನಷ್ಟೇ ಬೀಳಬೇಕು ಅನ್ನುವ ಅರಿಸ್ಟಾಟಲ್‌ನ ಮಾತನ್ನು ಎರಡೂ ಕಡೆ ಮುರಿದರು. ರಂಗಭೂಮಿಯ ಇತಿಹಾಸದ ಮೇಲೆ ಒಂದು ಪುಟ ಬೇಕಿದ್ದರೆ ಇಲ್ಲೇ ಸಿಕ್ಕಿತು ನೋಡಿ.

ಪ್ರಬಂಧಕ್ಕೆ ಸಂಗ್ಯಾನನ್ನು ಆರಿಸಿಕೊಳ್ಳಬೇಡಿ. ಸಾಯುವವನು ಅವನು ನಿಜ, ಆದರೆ ಅವನು ಆಸೆಯ ಹಿಂದೆ ನೇರವಾಗಿ ಹೋದವನು. ಎರಡು ಕಡೆ ಎಳೆದಾಟ ಇರುವುದು ಬಾಳ್ಯಾನಲ್ಲಿ. ಗೆಳೆಯನನ್ನು ಕರೆದುಕೊಂಡು ಹೋಗುವಾಗ ಏನಾಗಲಿದೆ ಅಂತ ಗೊತ್ತಿರುವುದು ಅವನೊಬ್ಬನಿಗೆ ಮತ್ತು ಆಟ ನೋಡಲು ಕೂತ ನಮಗೆ. ಪ್ರತಿ ಹೆಜ್ಜೆಗೂ "ಈಗಲಾದರೂ ಹೇಳಿಬಿಡೋ" ಅನಿಸುತ್ತದೆ. ನನ್ನ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಬಾಯಿಬಿಟ್ಟು ಬೈದೇಬಿಟ್ಟಿದ್ದಳು, ಅದೂ ಸಂಗ್ಯಾನ ಕೊಲೆಗಾರರನ್ನಲ್ಲ, ಬಾಳ್ಯಾನನ್ನು.

ಚಂದ್ರಶೇಖರ ಕಂಬಾರರು ಸಂಪಾದಿಸಿದ ಪಠ್ಯ ಇದೆ, ಕಾಲೇಜು ಲೈಬ್ರರಿಯಲ್ಲಿ ಕೇಳಿ. ಆದರೆ ಓದಿದಷ್ಟಕ್ಕೇ ನಿಲ್ಲಬೇಡಿ. ಆಟ ನೋಡಿ, ಮುಗಿದ ಮೇಲೆ ಬಾಳ್ಯಾನ ಪಾತ್ರ ಮಾಡಿದವರ ಹತ್ತಿರ ಹೋಗಿ ಕೇಳಿ: "ಅಣ್ಣಾ, ಯಾವ ಹಾಡಿನ ಹೊತ್ತಿಗೆ ನೀವು ಅವನನ್ನು ಬಿಟ್ಟುಕೊಟ್ಟಿರಿ?" ಒಬ್ಬರು ಹೆದರಿಕೆಯಿಂದ ಮಾಡಿದಂತೆ ಆಡುತ್ತಾರೆ, ಇನ್ನೊಬ್ಬರು ದುಡ್ಡಿನ ಆಸೆಗೆ. ಒಂದೇ ಹಾಡು, ಎರಡು ಬಾಳ್ಯಾ. ಇಬ್ಬರು ಕಲಾವಿದರ ಉತ್ತರ ಸಿಕ್ಕರೆ ಅವೆರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ, ಅರಿಸ್ಟಾಟಲ್ ಅಡಿಟಿಪ್ಪಣಿಯಲ್ಲಿ ಇದ್ದರೆ ಸಾಕು.