144 ಹರ್ಟ್ಸ್‌ನಲ್ಲಿ ಪಾತ್ರ ಜೋರಾಗಿ ಓಡುತ್ತಿದ್ದರೆ

ದಾವಣಗೆರೆಯ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುವ, ಗೊಡೋ (ಗೇಮ್ ತಯಾರಿಸುವ ಸಾಫ್ಟ್‌ವೇರ್) ಬಳಸಿ ಮಾಡಿದ ಗೇಮ್, ಚಿತ್ರದುರ್ಗದ ಗೆಳೆಯರ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್‌ನಲ್ಲಿ ಯಾಕೆ ಹುಚ್ಚು ವೇಗ ಅಂತ ಕೇಳಿದ್ದೀರಿ. ಮಾನಿಟರ್ ತಪ್ಪಲ್ಲ ಸರ್. ನೀವು ಪ್ರತಿ ಫ್ರೇಮಿಗೆ (ಪರದೆಯ ಒಂದೊಂದು ಚಿತ್ರಕ್ಕೆ) ಪಾತ್ರದ ಸ್ಥಾನಕ್ಕೆ 5 ಪಿಕ್ಸೆಲ್ ಕೂಡಿಸುತ್ತಿದ್ದೀರಿ. ಸೆಕೆಂಡಿಗೆ 60 ಫ್ರೇಮ್ ಬಂದರೆ 300 ಪಿಕ್ಸೆಲ್, 144ಕ್ಕೆ 720. ಕಾಲೇಜು ಲ್ಯಾಬಿನ ಹಳೇ ಪಿಸಿ 40 ಫ್ರೇಮ್ ಕೊಟ್ಟರೆ ಬರೀ 200.

ಪೊಸಿಷನ್ ನೇರ ಬದಲಿಸುವುದಾದರೆ 300 ಅನ್ನು ಡೆಲ್ಟಾದಿಂದ (ಹಿಂದಿನ ಫ್ರೇಮಿನಿಂದ ಕಳೆದ ಸಮಯ, ಸೆಕೆಂಡಿನಲ್ಲಿ) ಗುಣಿಸಿ ಕೂಡಿಸಿ. ಪಾತ್ರಗಳಿಗೆಂದೇ ಗೊಡೋದಲ್ಲಿರುವ ಕ್ಯಾರೆಕ್ಟರ್‌ಬಾಡಿ2ಡಿ ಬಳಸಿದ್ದರೆ ಕೋಡನ್ನು ಫಿಸಿಕ್ಸ್ ಪ್ರೊಸೆಸ್‌ಗೆ (ಫಿಸಿಕ್ಸ್ ಲೆಕ್ಕ ನಡೆಯುವಾಗಲೆಲ್ಲ ಓಡುವ ಫಂಕ್ಷನ್) ಒಯ್ದು ವೆಲಾಸಿಟಿಗೆ (ವೇಗಕ್ಕೆ) 300 ಅಂತಲೇ ಕೊಡಿ, ಗುಣಿಸಬೇಡಿ. ಪಾತ್ರವನ್ನು ಸರಿಸುವ ಮೂವ್ ಆ್ಯಂಡ್ ಸ್ಲೈಡ್ ಫಂಕ್ಷನ್ ಒಳಗೇ ಡೆಲ್ಟಾ ಲೆಕ್ಕ ಇದೆ. ಹೆಚ್ಚಿನವರು ಎಡವುವುದು ಇಲ್ಲೇ: ಎರಡು ಸಲ ಗುಣಿಸಿದರೆ ಪಾತ್ರ ಸೆಕೆಂಡಿಗೆ 5 ಪಿಕ್ಸೆಲ್ ತೆವಳುತ್ತದೆ. ಗುರುತ್ವದ 980ಕ್ಕೆ ಮಾತ್ರ ಡೆಲ್ಟಾ ಬೇಕೇ ಬೇಕು, ಯಾಕಂದ್ರೆ ಅದು ವೇಗವನ್ನೇ ಹೆಚ್ಚಿಸುವ ಸಂಖ್ಯೆ.

ಫಿಸಿಕ್ಸ್ ಲೆಕ್ಕ ಡೀಫಾಲ್ಟ್ ಆಗಿ ಸೆಕೆಂಡಿಗೆ 60 ಸಲವಷ್ಟೇ ನಡೆಯುವುದರಿಂದ 144ರಲ್ಲಿ ಚಲನೆ ಸ್ವಲ್ಪ ತಡವರಿಸಿದಂತೆ ಕಾಣಬಹುದು. ಗೊಡೋ 4.3 ಅಥವಾ ಮುಂದಿನ ಆವೃತ್ತಿಯಾದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಫಿಸಿಕ್ಸ್, ಕಾಮನ್ ಅಡಿಯಲ್ಲಿ ಫಿಸಿಕ್ಸ್ ಇಂಟರ್‌ಪೊಲೇಷನ್ (ಎರಡು ಲೆಕ್ಕಗಳ ನಡುವಿನ ಚಲನೆಯನ್ನು ನಯವಾಗಿ ತುಂಬುವ ಸೌಲಭ್ಯ) ಆನ್ ಮಾಡಿ.

ನಿಮ್ಮ ಪ್ರಶ್ನೆಗೆ ಇನ್ನು ಯಾರೋ ಎಫ್‌ಪಿಎಸ್ (ಸೆಕೆಂಡಿನ ಫ್ರೇಮ್ ಸಂಖ್ಯೆ) ಅನ್ನು 60ಕ್ಕೆ ಕಟ್ಟಿಹಾಕಿ ಅಂದಿದ್ದಾರೆ. ನನ್ನ ಪ್ರಕಾರ ಅದು ಸೋಮಾರಿ ಪರಿಹಾರ. ಲ್ಯಾಬಿನ ಪಿಸಿಗೆ ಏನೂ ಉಪಯೋಗವಿಲ್ಲ, ದುಡ್ಡು ಕೊಟ್ಟು 144 ಕೊಂಡವರಂತೂ ಬೈಯುತ್ತಾರೆ. ಪರೀಕ್ಷೆಗೆ ಬೇಕಾದರೆ ಮ್ಯಾಕ್ಸ್ ಎಫ್‌ಪಿಎಸ್ ಅನ್ನು 30ಕ್ಕೆ ಇಳಿಸಿ, ಆಮೇಲೆ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ತೆಗೆದು 144ಕ್ಕೆ ಏರಿಸಿ. ಎರಡರಲ್ಲೂ ಪಾತ್ರ ಗೋಡೆಯಿಂದ ಗೋಡೆಗೆ ಓಡಲು ಹಿಡಿಯುವ ಸಮಯ ಒಂದೇ ಬರಬೇಕು.